ಒಂದು ಗಾಳ, ಮೂರು ಕಾಯಿದೆ

"ಎರೆಹುಳ ಸಿಕ್ಕಿಸಿ ಕೂತುಕೊಳ್ಳುವುದಕ್ಕೂ ಕಾನೂನು ಉಂಟಾ ಬಾವ?"

ಉಂಟು. ಪಯಸ್ವಿನಿ ಹೊಳೆ ಸುಳ್ಯದಲ್ಲಿರುವಷ್ಟು ಹೊತ್ತು ಅದರ ಮೀನು ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯಿದೆಯದ್ದು. ಕಾಸರಗೋಡಿಗೆ ಇಳಿಯಿತೋ, ಕೇರಳದ 2010ರ ಕಾಯಿದೆಯದ್ದು. ಗಡಿ ವಿವಾದ ಮೀನಿಗಿಲ್ಲ, ಹಿಡಿಯುವವನಿಗೆ ಮಾತ್ರ. ಫಲಕ ಮಲೆಯಾಳದಲ್ಲಿತ್ತು, ಓದಲಿಕ್ಕೆ ಬರಲಿಲ್ಲ ಎಂದರೆ ದಂಡದಲ್ಲಿ ರಿಯಾಯಿತಿ ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಜೂನಿನ ಮೊದಲ ಮಳೆಗೆ. "ನಿಷೇಧ ಕಡಲಿಗೆ, ತೋಡಿಗಲ್ಲ" ಎಂದು ವಾದ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನದ ನಿಷೇಧ ಟ್ರಾಲಿಂಗ್ ಬೋಟಿಗೆ, ಅದು ಸರಿ. ಆದರೆ ಅದೇ ಹೊತ್ತಿಗೆ ಹೊಳೆಯ ಮೀನು ಮೊಟ್ಟೆಯಿಡಲು ತೋಡು, ಗದ್ದೆಗೆ ಹತ್ತುತ್ತದೆ. ಮಲೆಯಾಳದಲ್ಲಿ ಇದೇ ಊತ್ತ. ಗದ್ದೆಯ ಕಂಡಿಗೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಭರ್ತಿ, ಏಕೆಂದರೆ ಹೊಟ್ಟೆ ತುಂಬ ಮೊಟ್ಟೆಯಿರುವ ಮೀನಿಗೆ ಬೇರೆ ದಾರಿ ಇಲ್ಲ. ಆ ಕೂಳಿಯಲ್ಲಿರುವುದು ಮುಂದಿನ ವರ್ಷದ ಮೀನು. ಕೇರಳದಲ್ಲಿ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ, ಆರು ತಿಂಗಳ ಸಜೆಯವರೆಗೂ ಹೋಗಬಹುದು. ಆ ದುಡ್ಡಿಗೆ ಮಳೆಗಾಲವಿಡೀ ಅಂಜಲ್ ಮೀನು ತಿನ್ನಬಹುದಿತ್ತು.

ಅಡಿಕೆ ತೋಟದವರಿಗೆ ಇನ್ನೊಂದು ಆಸೆ: ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದು. ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಅದು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಸೇರಿದರೆ ಕೊಳೆರೋಗಕ್ಕೆ ಮದ್ದು. ಸುಣ್ಣವಿಲ್ಲದೆ ಹೊಳೆಗೆ ಬಿದ್ದರೆ ವಿಷ. ಮರಿ, ಸಿಗಡಿ ಎಲ್ಲ ಸತ್ತು, ನಿಮಗೆ ಬೇಕಾದ ಮೀನು ಕೆಳಗಿನ ಕಟ್ಟದಲ್ಲಿ ಬೇರೆಯವರ ಕೈಗೆ ಸಿಗುತ್ತದೆ. ತೋಟೆ (ಸಿಡಿಮದ್ದು), ವಿಷ ಎರಡನ್ನೂ ಬ್ರಿಟಿಷರೇ 1897ರಲ್ಲಿ ನಿಷೇಧಿಸಿದ್ದರು. ಕರೆಂಟು ಹಾಯಿಸುವುದೂ ಅಪರಾಧವೇ, ಮತ್ತು ಅದು ಮೀನಿಗೂ ಮನುಷ್ಯನಿಗೂ ಭೇದ ಮಾಡುವುದಿಲ್ಲ.

ಉಳಿದದ್ದು ಸಾದಾ ಗಾಳ. ಅಂಗಡಿಯಲ್ಲಿ "ದೊಡ್ಡ ನಂಬರಿನದ್ದು ಕೊಡಿ" ಎಂದರೆ ಸಿಗುವುದು ಸಣ್ಣ ಗಾಳ: 6ಕ್ಕಿಂತ 12 ಚಿಕ್ಕದು. ಮುಗುಡು ಮೀನು ಬಿದ್ದರೆ ಅದರ ಪಕ್ಕದ ಎರಡು ಮುಳ್ಳು ನೋಡಿಕೊಳ್ಳಿ. ಚುಚ್ಚಿತೋ, ತಡೆಯುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿ ಕೂರುವುದೇ ಆ ಸಂಜೆಯ ಕೆಲಸ.

ಎಲ್ಲಕ್ಕಿಂತ ಪೇಚು ಆಮೆಯದ್ದು. ತಂಗೂಸು ಬಿಗಿಯಾಗಿ ಎಳೆದಾಗ "ದೊಡ್ಡದೇ ಬಿತ್ತು" ಎಂದು ದಡವಿಡೀ ಸುದ್ದಿಯಾಗಿರುತ್ತದೆ. ಮೇಲೆ ಬರುವುದು ಕೆರೆಯಾಮೆ, 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಗಿರಾಕಿ. ನುಂಗಿದ ಗಾಳವನ್ನು ಜಗ್ಗಬಾರದು, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಬೇಕು. ಅದಕ್ಕೆ ಮೊದಲು ಅದು ತಲೆ ಹೊರಹಾಕಬೇಕು. ಅಷ್ಟರಲ್ಲಿ ಮೂರು ಜನ ಸೇರಿ, ಇದರ ಮಾಂಸ ಮೂಲವ್ಯಾಧಿಗೆ ಒಳ್ಳೆಯದೋ ಅಲ್ಲವೋ ಎಂದು ಚರ್ಚೆ ಶುರುಮಾಡಿರುತ್ತಾರೆ. ಆಮೆ ಎಲ್ಲ ಕೇಳಿಸಿಕೊಳ್ಳುತ್ತಾ ಒಳಗೇ ಇರುತ್ತದೆ.