ಇಪ್ಪತ್ತನಾಲ್ಕು ಕಿನ್ನರಿ, ಒಂದು ಕತ್ತೆ

ಮೊದಲು ಒಂದು ಲೆಕ್ಕ. ಯುಕುಲೆಲೆ ಅನ್ನುವ ಪುಟ್ಟ ಗಿಟಾರಿನಂಥ ವಾದ್ಯಕ್ಕೆ ತಂತಿ 4. ನನ್ನ ಕ್ಲಾಸಿನಲ್ಲಿ ಮೂರನೇ ತರಗತಿಯ ಮಕ್ಕಳು 24. ಒಟ್ಟು ತಂತಿ 96. ಒಂದೊಂದನ್ನು ಶ್ರುತಿ ಮಾಡಲು ಅರ್ಧ ನಿಮಿಷ ಅಂತ ಇಟ್ಟುಕೊಂಡರೂ 48 ನಿಮಿಷ ಬೇಕು. ಪೀರಿಯಡ್ ಇರುವುದು 40 ನಿಮಿಷ. ಅಂದರೆ ಎಲ್ಲ ವಾದ್ಯಗಳೂ ಶ್ರುತಿಗೆ ಬರುವ ಹೊತ್ತಿಗೆ ಬೆಲ್ ಹೊಡೆದು 8 ನಿಮಿಷ ಆಗಿರುತ್ತದೆ. ಈ ಲೆಕ್ಕವನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಹಾಕಬೇಕಿತ್ತು. ನಾನು ಹಾಕಿದ್ದು ಮೊದಲ ದಿನ, 11ನೇ ಯುಕುಲೆಲೆ ಕೈಯಲ್ಲಿ ಹಿಡಿದುಕೊಂಡು ನಿಂತಾಗ.

"ಚಿಕ್ಕ ವಾದ್ಯ, ಸುಲಭ, ಮಕ್ಕಳ ಕೈಗೆ ಸರಿಹೋಗುತ್ತೆ" ಅಂತ ಎಲ್ಲರೂ ಹೇಳಿದ್ದರು. ಸುಳ್ಳೇನಲ್ಲ. ಸೊಪ್ರಾನೊ ಅನ್ನುವ ಚಿಕ್ಕ ಅಳತೆಯದ್ದು ಸುಮಾರು 21 ಇಂಚು ಉದ್ದ, ಅಷ್ಟೇ. ತಂತಿ ನೈಲಾನಿನದ್ದು, ಬೆರಳು ಕೊಯ್ಯುವುದಿಲ್ಲ. ಆದರೆ ಹೊಸ ನೈಲಾನ್ ತಂತಿ ದಿನಗಟ್ಟಲೆ ಹಿಗ್ಗುತ್ತಲೇ ಇರುತ್ತದೆ, ಬೆಳಿಗ್ಗೆ ಮಾಡಿದ ಶ್ರುತಿ ಮಧ್ಯಾಹ್ನಕ್ಕೆ ಇಳಿದಿರುತ್ತದೆ ಅನ್ನುವುದನ್ನು ಯಾರೂ ಹೇಳಲಿಲ್ಲ. ಇನ್ನು ತಂತಿ ಬಿಗಿ ಮಾಡುವ ಬಿರಡೆಗಳ ವಿಷಯ. ತಿರುಗುವ ವಸ್ತು ಕಣ್ಣಿಗೆ ಬಿದ್ದರೆ ಎಂಟು ವರ್ಷದ ಮಗು ಏನು ಮಾಡುತ್ತೆ? ತಿರುಗಿಸುತ್ತೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಅದಕ್ಕೆ 'ಕಿವಿ' ಅಂತ ಹೆಸರಿಟ್ಟಳು. "ಕಿವಿ ಹಿಂಡಿದ್ರೆ ಜೋರಾಗಿ ಕೂಗುತ್ತೆ ಮಿಸ್!" ಸರಿ, ಆಮೇಲೆ ಕೇಳಬೇಕಾ? ಇಡೀ ಕ್ಲಾಸು ಕಿವಿ ಹಿಂಡಿತು. ಎರಡು ತಂತಿ ಪಟ್ ಪಟ್ ಅಂತ ಹರಿದವು.

ಕತ್ತೆಯ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಗಾದೆ ಇದೆ. ಅವತ್ತು 24 ಕಿನ್ನರಿಗಳು ಒಟ್ಟಿಗೇ ಬಾರಿಸುತ್ತಿದ್ದವು. ಅವುಗಳ ಮುಂದೆ ನಿಂತಿದ್ದವಳು ನಾನೊಬ್ಬಳೇ.

ಎರಡನೇ ವಾರ ಪಾಠಕ್ಕೆ ಬಂದೆವು. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಯುಕುಲೆಲೆಯಲ್ಲಿ ಸಿ ಕಾರ್ಡ್ ಹಿಡಿಯಲು ಒಂದೇ ಬೆರಳು ಸಾಕು. ನೆಲದ ಕಡೆ ಇರುವ ಕೊನೆಯ ತಂತಿಯ ಮೂರನೇ ಫ್ರೆಟ್ಟಿನಲ್ಲಿ, ಅಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿಗಳು ಮಾಡುವ ಮೂರನೇ ಜಾಗದಲ್ಲಿ, ಉಂಗುರದ ಬೆರಳು ಒತ್ತಿದರೆ ಮುಗಿಯಿತು. ಇಷ್ಟು ಸುಲಭದ್ದನ್ನು ಯಾರು ತಾನೇ ತಪ್ಪು ಮಾಡುತ್ತಾರೆ ಅಂದುಕೊಂಡು ಹೇಳಿದೆ.

"ಈಗ ಎಲ್ಲರೂ ಕಾರ್ಡ್ ಹಿಡೀರಿ."

ಮಕ್ಕಳು ಯುಕುಲೆಲೆ ಕೆಳಗಿಟ್ಟು, ಕೊರಳಲ್ಲಿದ್ದ ಐಡಿ ಕಾರ್ಡ್ ಎತ್ತಿ ಹಿಡಿದರು. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. "ಮಿಸ್, ನಾನು ಮನೇಲೇ ಬಿಟ್ಟು ಬಂದಿದೀನಿ." ಕಣ್ಣಲ್ಲಿ ನೀರು ಬೇರೆ.

ಅವನನ್ನು ಸಮಾಧಾನ ಮಾಡಿ ತಂತಿಗಳ ಹೆಸರಿಗೆ ಬಂದೆ. ಜಿ, ಸಿ, ಈ, ಎ.

"ಇದು ಈ ತಂತಿ."

"ಯಾವ ತಂತಿ ಮಿಸ್?"

"ಈ ತಂತಿ."

"ಹೌದು ಮಿಸ್, ಕಾಣ್ತಿದೆ. ಆದ್ರೆ ಅದರ ಹೆಸರೇನು?"

"ಈ!"

"ಅದೇ ಮಿಸ್, ಆ ತಂತಿ ಹೆಸರೇನು?"

"ಆ ಅಲ್ಲಪ್ಪ, ಈ!"

ಈ ಸಂಭಾಷಣೆ ಎಷ್ಟು ಹೊತ್ತು ನಡೆಯಿತು ಅನ್ನುವುದು ಬೇಡ. ಕೊನೆಗೆ ತಂತಿಗಳಿಗೆ ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಕೊಟ್ಟೆ. ಫ್ರೆಟ್ಟಿಗೆ 'ಮನೆ' ಅಂದೆ. ಅದು ಚೆನ್ನಾಗಿ ಕೆಲಸ ಮಾಡಿತು. "ಮಿಸ್, ಇವನು ನನ್ನ ಮೂರನೇ ಮನೆಗೆ ಕೈ ಹಾಕ್ತಾನೆ" ಅನ್ನುವ ದೂರುಗಳು ಬಿಟ್ಟರೆ.

ಮೂರನೇ ವಾರ ಬೆರಳು ನೋವು ಅಂತ ಎಲ್ಲರೂ ಮುಷ್ಕರ ಹೂಡಿದರು. ನೈಲಾನ್ ತಂತಿಯೂ ಒಂದಿಷ್ಟು ನೋಯಿಸುತ್ತದೆ ಅಂತ ಆಗ ಒಪ್ಪಿಕೊಂಡೆ. ಬೆರಳಿಗೆ ವಿಶ್ರಾಂತಿ ಸಿಗಲಿ ಅಂತ ಕಥೆ ಶುರು ಮಾಡಿದೆ. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಹಡಗಿನಲ್ಲಿ ಒಂದಿಷ್ಟು ಜನ ಕಬ್ಬಿನ ತೋಟಗಳಲ್ಲಿ ದುಡಿಯಲು ಹವಾಯಿಗೆ ಬಂದರು. ಅವರ ಜೊತೆ ನಾಲ್ಕು ತಂತಿಯ ಪುಟ್ಟ ವಾದ್ಯವೂ ಬಂತು. ಅವರಲ್ಲಿದ್ದ ಮರಗೆಲಸದವರು ಅಲ್ಲೇ ಅಂಥದ್ದನ್ನು ತಯಾರಿಸತೊಡಗಿದರು. ಹವಾಯಿಯ ರಾಜ ಕಲಾಕೌವಾನಿಗೂ ಅದು ತುಂಬಾ ಹಿಡಿಸಿತು.

"ರಾಜನಿಗೂ ಬೆರಳು ನೋಯ್ತಿತ್ತಾ ಮಿಸ್?"

"ನೋಯ್ತಿತ್ತೇನೋ. ಆದ್ರೆ ಅವನು ಅಳ್ತಿರಲಿಲ್ಲ" ಅಂದೆ. ಇದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉತ್ಸಾಹ ಜಾಸ್ತಿಯಾಗಿ ಹೆಸರಿನ ಅರ್ಥವನ್ನೂ ಹೇಳಿಬಿಟ್ಟೆ. ಹವಾಯಿ ಭಾಷೆಯಲ್ಲಿ ಯುಕುಲೆಲೆ ಅಂದರೆ ಜಿಗಿಯುವ ಚಿಗಟ. ಒಂದು ಕ್ಷಣ ಕ್ಲಾಸು ಗಪ್‌ಚುಪ್. ಆಮೇಲೆ ಒಬ್ಬಳು ಮೆಲ್ಲಗೆ ತಲೆ ಕೆರೆದುಕೊಂಡಳು. ಅವಳನ್ನು ನೋಡಿ ಪಕ್ಕದವನು ಕೆರೆದುಕೊಂಡ. ಎರಡೇ ನಿಮಿಷದಲ್ಲಿ 24 ಮಕ್ಕಳೂ ಕೆರೆದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ. ಮಾರನೇ ದಿನ ಒಬ್ಬ ತಾಯಿ ಫೋನ್ ಮಾಡಿ, "ಮಿಸ್, ಸಂಗೀತದ ಕ್ಲಾಸಿನಲ್ಲಿ ಹೇನು ಹಬ್ಬುತ್ತಾ ಇದೆಯಂತೆ, ಹೌದಾ?" ಅಂತ ಕೇಳಿದರು. ಹೇನಲ್ಲ ಚಿಗಟ ಅಂತ ತಿದ್ದಿದೆ. ತಿದ್ದಬಾರದಿತ್ತು.

ಹೀಗೆ ಏಳುತ್ತಾ ಬೀಳುತ್ತಾ ಎರಡನೇ ತಿಂಗಳಿಗೆ ಸಿ ಕಾರ್ಡಿನ ಮೇಲೆ ಒಂದು ಹಾಡು ಬಂತು. ಒಂದೇ ಕಾರ್ಡ್, ಕೆಳಗೆ ಕೆಳಗೆ ಮೀಟುವುದು, ಅಷ್ಟೇ. ಆದರೂ 24 ಕೈಗಳು ಒಟ್ಟಿಗೆ ಕೆಳಗೆ ಇಳಿದಾಗ ನನ್ನ ಮೈ ಜುಂ ಅಂದಿತು. ಜೊತೆಗೆ ಇನ್ನೇನೋ ಗಿರಗಿರ ಅಂದಿತು.

ಗಿರಗಿರ ಬರುತ್ತಿದ್ದದ್ದು ಮೂಲೆಯ ಹುಡುಗನ ಯುಕುಲೆಲೆಯಿಂದ. ಬೆರಳು ಸರಿಯಾಗಿ ಒತ್ತುತ್ತಿಲ್ಲ ಅಂದುಕೊಂಡೆ. ನಾನೇ ನುಡಿಸಿದರೂ ಗಿರಗಿರ. ತಂತಿ ಬದಲಾಯಿಸಿದೆ. ತಂತಿಗಳನ್ನು ಹೊತ್ತಿರುವ ಕುದುರೆ ಒತ್ತಿ ನೋಡಿದೆ. ಬಿರಡೆಗಳ ಸ್ಕ್ರೂ ಬಿಗಿ ಮಾಡಿದೆ. ಎರಡು ವಾರ ನನ್ನ ವಿದ್ಯೆಯೆಲ್ಲ ಖರ್ಚಾಯಿತು. ಕೊನೆಗೆ ಬೇಜಾರಾಗಿ ಅದನ್ನು ಬೋರಲು ಹಾಕಿ ಜೋರಾಗಿ ಅಲ್ಲಾಡಿಸಿದೆ. ನಡುವಿನ ತೂತಿನಿಂದ ಮೇಜಿನ ಮೇಲೆ ಬಿದ್ದದ್ದು ಅರ್ಧ ರಬ್ಬರ್, ಎರಡು ಪೆನ್ಸಿಲ್ ಮೊನೆ, "ಮಿಸ್‌ಗೆ ಹೇಳಬೇಡ" ಅಂತ ಬರೆದು ಮಡಚಿದ ಚೀಟಿ, ಮತ್ತು ಒಂದು ಹಲ್ಲು.

"ನಂದು ಮಿಸ್" ಅಂದ ಹುಡುಗ. ಮುಂದಿನ ಹಲ್ಲಿನ ಜಾಗ ಖಾಲಿ. "ಕಳೆದುಹೋಗದೇ ಇರಲಿ ಅಂತ ಅಲ್ಲಿಟ್ಟಿದ್ದೆ."

ಹಲ್ಲನ್ನು ಕಾಗದದಲ್ಲಿ ಸುತ್ತಿ ಅವನ ಜೇಬಿಗೆ ಹಾಕಿದೆ. ಯುಕುಲೆಲೆ ವಾಪಸ್ ಕೊಟ್ಟೆ. ಅವನು ಒಮ್ಮೆ ಮೀಟಿದ. ಸಿ ಕಾರ್ಡ್ ಗಂಟೆ ಹೊಡೆದ ಹಾಗೆ ಶುದ್ಧವಾಗಿ ಬಂತು. ಇನ್ನೊಮ್ಮೆ ಮೀಟಿದ. ಮುಖ ಸಪ್ಪಗಾಯಿತು.

"ಮಿಸ್, ಇದು ಬೇರೆ ಯಾರದ್ದೋ. ನಂದು ಗಿರಗಿರ ಅನ್ನುತ್ತೆ."

ಇದು ನಿನ್ನದೇ ಕಣೋ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಆ ಪೀರಿಯಡ್ ಪೂರ್ತಿ ಬೇರೆಯವರ ಮಗುವನ್ನು ಎತ್ತಿಕೊಂಡವನ ಹಾಗೆ ಅದನ್ನು ದೂರ ಹಿಡಿದುಕೊಂಡು ನುಡಿಸಿದ.

ಮುಂದಿನ ವಾರ ಹಾಡು ಶುರುವಾಯಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೂಲೆಯಿಂದ ಮತ್ತೆ ಗಿರಗಿರ. ನಾನು ತಿರುಗಿ ನೋಡಿದೆ. ಅವನು ಮೀಟುವುದನ್ನು ನಿಲ್ಲಿಸದೆ ಬಾಯಿ ದೊಡ್ಡದಾಗಿ ತೆರೆದು ತೋರಿಸಿದ. ಪಕ್ಕದ ಹಲ್ಲೂ ಇರಲಿಲ್ಲ.