ಕೊಡಗಿನ ಎಲ್ಲ ಜೀಪೂ ಕರ್ನಲ್ ಸಾಹೇಬರದ್ದೇ

ಕೊಡಗಿನಲ್ಲಿ ಮಾರಾಟಕ್ಕೆ ನಿಂತಿರುವ ಪ್ರತಿಯೊಂದು ಹಳೇ ಜೀಪೂ ಯಾರೋ ನಿವೃತ್ತ ಕರ್ನಲ್ ಸಾಹೇಬರದ್ದು. ಸಾಹೇಬರು ಅದನ್ನು ಭಾನುವಾರ ಕ್ಲಬ್ಬಿಗೆ ಹೋಗುವಾಗ ಮಾತ್ರ ತೆಗೆಯುತ್ತಿದ್ದರು, ಸ್ಪೀಡು ನಲವತ್ತು ದಾಟಿಸುತ್ತಿರಲಿಲ್ಲ, ಮಳೆಗಾಲದಲ್ಲಿ ಶೆಡ್ಡಿನಿಂದ ಹೊರಗೆ ತರುತ್ತಲೇ ಇರಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ, ಕರ್ನಲ್‌ಗಳಿಗೆ ಇಲ್ಲಿ ಬರವಿಲ್ಲ ಅನ್ನುವುದು ನಿಜ. ಆದರೂ ಗೋಣಿಕೊಪ್ಪದಿಂದ ಸೋಮವಾರಪೇಟೆಯವರೆಗೆ ಬ್ರೋಕರುಗಳು ಹೇಳುವುದನ್ನೆಲ್ಲ ಕೂಡಿ ಲೆಕ್ಕ ಹಾಕಿದರೆ ನಮ್ಮ ಸೇನೆಯಲ್ಲಿ ಸಿಪಾಯಿಗಳಿಗಿಂತ ಕರ್ನಲ್‌ಗಳೇ ಹೆಚ್ಚಿದ್ದರು ಅನ್ನಬೇಕಾಗುತ್ತದೆ. ಗೊಬ್ಬರದ ಚೀಲ, ಕಾಫಿ ಮೂಟೆ, ಹಂದಿಮರಿ, ಮರದ ದಿಮ್ಮಿ, ಹಿಂದೆ ಹದಿನಾಲ್ಕು ಜನ ಆಳುಗಳು, ಇವೆಲ್ಲವನ್ನೂ ಹೊತ್ತು ತೋಟದ ಕೆಸರಿನಲ್ಲಿ ಕಾಲ ಕಳೆದ ಜೀಪುಗಳು ಎಲ್ಲಿ ಹೋದವೋ ತಿಳಿಯದು. ಅವು ಮಾತ್ರ ಮಾರಾಟಕ್ಕೆ ಬಂದದ್ದೇ ಇಲ್ಲ.

ಕರ್ನಲ್‌ಗಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಮಹಾಯುದ್ಧ. "ಸಾರ್, ಇದು ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದ ಗಾಡಿ." ಯುದ್ಧಕಾಲದ ಅಮೆರಿಕನ್ ಸೇನಾ ಜೀಪು ವಿಲ್ಲೀಸ್ ಎಂಬಿ ತಯಾರಾದದ್ದು 1941ರಿಂದ 1945ರವರೆಗೆ. ಅದರ ಮುಂದಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗೆಂದು ಬಂದ ಸಿಜೆ ಜೀಪಿಗೆ ಏಳು. ಎಣಿಸುವುದಕ್ಕೆ ಎರಡು ಕೈ ಬೆರಳು ಸಾಕು. ಆದರೆ ಎಣಿಸಿದವನನ್ನು ಬ್ರೋಕರ್ ನೋಡುವ ನೋಟ ನೋಡಬೇಕು, ಮದುವೆ ಮನೆಯಲ್ಲಿ ವರನ ಹಲ್ಲು ಎಣಿಸಿದವನನ್ನು ನೋಡಿದ ಹಾಗೆ. ಏಳು ಎಂದು ಗೊತ್ತಾದರೂ ಚಿಂತೆಯಿಲ್ಲ. ಮುಂದಿನ ವಾರ ಬಂದರೆ ಟಿಂಕರಿಂಗ್ ಶೆಡ್ಡಿನ ಕೃಪೆಯಿಂದ ಒಂಬತ್ತಾಗಿರುತ್ತದೆ, ಬೆಲೆ ಐವತ್ತು ಸಾವಿರ ಏರಿರುತ್ತದೆ.

ಇನ್ನು ಗಾಡಿ ನೋಡಲು ಬರುವವರ ವಿಷಯ. ವಾರಾಂತ್ಯಕ್ಕೆ ಬೆಂಗಳೂರಿನಿಂದ ತಂಡ ಬರುತ್ತದೆ: ಕೊಳ್ಳುವವರು, ಅವರ ಭಾವಮೈದ, ಮೊಬೈಲಿನಲ್ಲಿ ಆಫ್‌ರೋಡ್ ವಿಡಿಯೋ ನೋಡಿಯೇ ಪರಿಣತನಾದ ಒಬ್ಬ ಗೆಳೆಯ. ಪರಿಣತರು ಬಂದವರೇ ಟೈರಿಗೆ ಒಂದು ಒದೆ ಕೊಡುತ್ತಾರೆ. ಯಾಕೆ ಎಂದು ಯಾರೂ ಕೇಳಬಾರದು, ಅದು ಸಂಪ್ರದಾಯ. ಭಾವಮೈದ ಬಾನೆಟ್ ತಟ್ಟಿ, "ಹಳೇ ಕಾಲದ ತಗಡು, ಈಗೆಲ್ಲಿ ಸಿಗುತ್ತೆ" ಎನ್ನುತ್ತಾರೆ. ಹಳೇ ಕಾಲದ ತಗಡಿನ ಮೇಲೆ ಈ ಕಾಲದ ಪುಟ್ಟಿ, ಅಂದರೆ ತಗ್ಗು ತೂತು ಮುಚ್ಚುವ ಲೇಪ, ಎಷ್ಟು ದಪ್ಪ ಕೂತಿದೆ ಎಂದು ತಿಳಿಯಲು ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇದ್ದರೆ ಸಾಕಿತ್ತು. ಅಂಟಿದರೆ ತಗಡು, ಜಾರಿದರೆ ಪುಟ್ಟಿ. ಆದರೆ ಜೇಬಿನಲ್ಲಿರುವುದು ಸೆಲ್ಫಿ ಕಡ್ಡಿ.

ಆಮೇಲೆ ಸ್ನಾರ್ಕೆಲ್ ದರ್ಶನ. ನೀರಿನಲ್ಲಿ ಇಳಿದಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆದುಕೊಡುವ ಕೊಳವೆ ಅದು. ಪರಿಣತರು ಅದನ್ನು ಸವರಿ, ಫೋಟೋ ತೆಗೆದು, "ಹಾರಂಗಿ ಹಿನ್ನೀರಿಗೇ ಇಳಿಸಬಹುದು" ಎಂದರು. ಬಾನೆಟ್ ಎತ್ತಿದರೆ ಏರ್ ಕ್ಲೀನರ್ ತನ್ನ ಪಾಡಿಗೆ ತಾನು ಒಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತಿದೆ. ಸ್ನಾರ್ಕೆಲ್ಲಿಗೂ ಅದಕ್ಕೂ ನಡುವೆ ಹೋಸೇ ಇಲ್ಲ. ನಾಲ್ಕು ಸ್ಕ್ರೂ ಹಾಕಿ ಗಾಡಿಯ ಮೈಗೆ ಕೂರಿಸಿದ ಬರೀ ಕೊಳವೆ, ತುದಿಯಲ್ಲಿ ಜೇಡ ಗೂಡು ಕಟ್ಟಿದೆ. ಬೆಲೆ ಕಟ್ಟುವಾಗ ಅದಕ್ಕೂ ಹದಿನೈದು ಸಾವಿರ ಸೇರಿತ್ತು.

ನಾಲ್ಕು ಚಕ್ರಕ್ಕೂ ಓಟ ಕೊಡುವ ಗಾಡಿ ಎಂದೇ ತಾನೆ ಜೀಪು ಕೊಳ್ಳುವುದು? ಅದರ ಲಿವರನ್ನು ಎಲ್ಲರೂ ಒಮ್ಮೆ ಎಳೆದು ನೋಡುತ್ತಾರೆ. ಅದು ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸು. ಸಲೀಸಾಗದೆ ಏನು? ಮುಂದಿನ ಚಕ್ರಗಳಿಗೆ ಓಟ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಮೈಲೇಜ್ ಬರಲಿ ಎಂದು ಯಾವ ಕಾಲದಲ್ಲೋ ಬಿಚ್ಚಿಟ್ಟಿದ್ದಾರೆ.

"ಅಣ್ಣ, ಫೋರ್ ವೀಲ್ ವರ್ಕ್ ಆಗುತ್ತಾ?"

"ಲಿವರ್ ಬೀಳುತ್ತಲ್ಲ ಮಾರಾಯ್ರೆ, ಇನ್ನೇನು ಬೇಕು? ಶಾಫ್ಟ್ ಮನೇಲಿದೆ. ಬೇಕಂದ್ರೆ ಡಿಕ್ಕಿಗೆ ಹಾಕಿ ಕೊಡ್ತೇನೆ, ಎಕ್ಸ್‌ಟ್ರಾ ಏನೂ ಬೇಡ."

ಔದಾರ್ಯಕ್ಕೆ ಮನಸೋತು ತಂಡ ತಲೆಯಾಡಿಸುತ್ತದೆ. ನಿಜವಾದ ಪರೀಕ್ಷೆಗೆ ಬೇಕಾದದ್ದು ಹತ್ತು ನಿಮಿಷ, ಒಂದಿಷ್ಟು ಕೆಸರು. ಕೊಡಗಿನಲ್ಲಿ ಕೆಸರಿಗೆ ಹುಡುಕಬೇಕೇ? ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಕೂಡಿಸಿ ಬಿಡಿಸುವ ಫ್ರೀ ವೀಲ್ ಹಬ್ ಇದ್ದರೆ ಆ ಚಕ್ರಗಳ ಬಳಿ ಹೋಗಿ ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು, ನಾಲ್ಕು ಚಕ್ರದ ಓಟದ ವೇಗದ ಗೇರು ಫೋರ್ ಹೈ, ನಿಧಾನದ ಗೇರು ಫೋರ್ ಲೋ ಎರಡನ್ನೂ ಹಾಕಿ ನಿಧಾನ ಏರು ಹತ್ತಿಸಬೇಕು. ಮುಂದಿನ ಚಕ್ರವೂ ಮಣ್ಣು ಕೆದರುತ್ತದೆಯೋ ಎಂದು ಹೊರಗೆ ನಿಂತು ನೋಡಲು ಒಬ್ಬ ಇರಬೇಕು. ಒಣ ಡಾಂಬರಿನ ಮೇಲೆ ಮಾಡಬಾರದು. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದೇ ವೇಗಕ್ಕೆ ಕಟ್ಟುಬೀಳುವುದರಿಂದ ತಿರುವಿನಲ್ಲಿ ಗೇರ್ ಪೆಟ್ಟಿಗೆಗೆ ಪೆಟ್ಟು. ಆದರೆ ಟೆಸ್ಟ್ ಡ್ರೈವ್ ಎಂದರೆ ಮೇನ್ ರೋಡಿನಲ್ಲಿ ಮುಂದಿನ ಬೇಕರಿಯವರೆಗೆ ಹೋಗಿ ಬರುವುದು ಎಂಬುದು ನಮ್ಮಲ್ಲಿ ಸರ್ವಸಮ್ಮತ. ಸ್ಟೀರಿಂಗ್ ಕಾಲು ಸುತ್ತು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. "ಜೀಪ್ ಅಂದ್ರೆ ಹಾಗೇ ಸಾರ್." ಬ್ರೇಕಿಗೆ ಮೂರು ಸಲ ಒತ್ತಬೇಕು. ಜೀಪ್ ಅಂದ್ರೆ ಅದೂ ಹಾಗೇ.

ಎಂಜಿನ್ ಮಾತಿಗೆ ಬಂದರೆ ಬ್ರೋಕರಿಗಿಂತ ದೊಡ್ಡ ಹವಾಮಾನ ತಜ್ಞ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ ಎಂದು ನೀವು ಫೋನು ಮಾಡಿದರೆ ಒಂಬತ್ತೂವರೆಗೇ ಎಂಜಿನ್ ಕಾಯಿಸಿ ಇಟ್ಟಿರುತ್ತಾನೆ. ಬಾನೆಟ್ಟನ್ನು ತಟ್ಟುವ ಬದಲು ಅಂಗೈ ಇಟ್ಟಿದ್ದರೆ ತಿಳಿಯುತ್ತಿತ್ತು. ತಣ್ಣಗಿದ್ದಾಗ ಒಂದೇ ಕೀಲಿಗೆ ಏಳುವ ಡೀಸೆಲ್ ಎಂಜಿನ್ನಿಗೂ ಕಾದ ಮೇಲೆ ಏಳುವುದಕ್ಕೂ ಅಜಗಜಾಂತರ. ಹೊಗೆ ಬಿಳಿ ಬಂದರೆ "ಮಡಿಕೇರಿ ಮಂಜು ಸಾರ್". ನೀಲಿ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ, ಅದು "ನಿನ್ನೆ ಸರ್ವಿಸ್ ಆಗಿದೆ, ಹೊಸ ಆಯಿಲ್ ಅಲ್ವಾ". ಕಪ್ಪು ಬಂದರೆ "ಪವರ್ ಸಾರ್ ಪವರ್". ಓಡುತ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿದರೆ ಬುಸುಬುಸು ಹೊಗೆ ಮುಖಕ್ಕೆ ಹೊಡೆಯಿತೋ, ಅದು ಬ್ಯಾಕ್ ಕಂಪ್ರೆಶನ್, ರಿಂಗು ಪಿಸ್ಟನ್ನುಗಳ ಆಯುಷ್ಯ ಮುಗಿದಿದೆ. ಮುಚ್ಚಳದ ಒಳಗೆ ಕಾಫಿಗೆ ಹಾಲು ಜಾಸ್ತಿಯಾದ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಕಾಫಿ ನಾಡಿನಲ್ಲಿ ಆ ಬಣ್ಣ ಯಾರಿಗೂ ಅಪಶಕುನ ಅನಿಸುವುದಿಲ್ಲ.

ಇಷ್ಟೆಲ್ಲದರ ನಡುವೆ ಗಾಡಿಯ ಅಡಿಗೆ ನುಗ್ಗಿದವರು ಯಾರೂ ಇಲ್ಲ. ಜೀಪಿನ ಜೀವ ಇರುವುದೇ ಅಲ್ಲಿ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಬಿಡಿಭಾಗ ಸಂತೆಯಲ್ಲಿ ಸೊಪ್ಪಿನಷ್ಟು ಸಿಗುತ್ತವೆ. ಗಾಡಿಯ ಬೆನ್ನೆಲುಬಾದ ಚಾಸಿಸ್ ತುಕ್ಕು ತಿಂದುಹೋದರೆ ಕತೆ ಬೇರೆ. ಆರು ತಿಂಗಳು ಮಳೆ, ಉಳಿದ ಆರು ತಿಂಗಳು ಮಳೆಯ ನೆನಪು ಇರುವ ಊರಿನಲ್ಲಿ ಸ್ಪ್ರಿಂಗ್ ಹಿಡಿಕೆ, ಅಡ್ಡಪಟ್ಟಿಯ ಸಂದಿ, ಹಿಂಚಕ್ರದ ಹಿಂದಿನ ಮೂಲೆ ಇಲ್ಲೆಲ್ಲ ಕೂತ ಕೆಸರು ವರ್ಷಗಟ್ಟಲೆ ಒಣಗುವುದೇ ಇಲ್ಲ. 2018ರ ಆಗಸ್ಟಿನ ನೆರೆಯಲ್ಲಿ ಕುತ್ತಿಗೆವರೆಗೆ ಮುಳುಗೆದ್ದ ಗಾಡಿಗಳ ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ರೈಲಿನ ಸಂದಿಯಲ್ಲಿ ಇನ್ನೂ ನುಣ್ಣನೆ ಮಣ್ಣು ಇದ್ದೀತು, ಬೆರಳು ಹಾಕಿದರೆ. ಒಂದು ಸಣ್ಣ ಸುತ್ತಿಗೆಯಿಂದ ಚಾಸಿಸ್ ಉದ್ದಕ್ಕೂ ಕುಟ್ಟುತ್ತ ಬಂದರೆ ಟಣ್ ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಡಬ್ ಎನ್ನುತ್ತದೆ. ಅಲ್ಲಿ ನಿನ್ನೆ ತಾನೆ ಹೊಡೆದ ಕರೀ ಬಣ್ಣ ಹೊಳೆಯುತ್ತಿರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ.

"ನೋಡಿ ಸಾರ್, ಧಾರಾಳವಾಗಿ ಅಡಿ ನೋಡಿ. ಬಟ್ಟೆ ಮಾತ್ರ ಕೆಸರಾಗುತ್ತೆ." ಅಲ್ಲಿಗೆ ತಪಾಸಣೆ ಮುಗಿಯಿತು. ಪ್ಯಾಂಟಿನ ಇಸ್ತ್ರಿ ಉಳಿಯಿತು.

ನೋಡದಿರುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. ಹದಿನೈದು ವರ್ಷ ಮುಗಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. 2025ರಲ್ಲಿ, ಇಪ್ಪತ್ತು ದಾಟಿದವಕ್ಕೆ 10,000. ಮಾರುವವನಿಗೆ ವಯಸ್ಸು ಏರಿದಷ್ಟೂ ಬೆಲೆ, ಸರ್ಕಾರಕ್ಕೆ ವಯಸ್ಸು ಏರಿದಷ್ಟೂ ಶುಲ್ಕ. ಇಬ್ಬರೂ ನೋಡುವುದು ಜಾತಕ. ತನ್ನದೇ ಹದಿನೈದು ದಾಟಿದ ಗಾಡಿಗಳಿಗೆ 2023ರ ಏಪ್ರಿಲಿನಿಂದ ನೋಂದಣಿ ಇಲ್ಲ ಎಂದ ಸರ್ಕಾರ, ನಮ್ಮ ನಲವತ್ತರ ಜೀಪಿಗೆ ದುಡ್ಡು ಕಟ್ಟಿದರೆ ಇನ್ನೈದು ವರ್ಷ ಆಯುಷ್ಯ ಬರೆದುಕೊಡುತ್ತದೆ.

ತಪಾಸಣೆ ಇಲ್ಲವೆಂದಲ್ಲ. ದೀಪ, ಹಾರ್ನು, ವೈಪರು, ಜೊತೆಗೆ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತೀಡಿದ ಅಚ್ಚು. ಇದರ ಫಲ ಏನೆಂದರೆ ಕೊಡಗಿನ ಎಷ್ಟೋ ಜೀಪುಗಳಲ್ಲಿ ನಂಬರಿರುವ ನಾಲ್ಕು ಇಂಚು ಚಾಸಿಸ್ ಮಾತ್ರ ಗ್ರೀಸು ಹಚ್ಚಿಸಿಕೊಂಡು ಫಳಫಳ ಹೊಳೆಯುತ್ತದೆ. ಉಳಿದದ್ದು ಹೆಗ್ಗಣ ಕೊರೆದ ಹಲಗೆ.

ಕಾಗದದ ಪ್ರಕಾರ ಪೆಟ್ರೋಲ್, ಬಾನೆಟ್ಟಿನಡಿ ಡೀಸೆಲ್. ಕಾಗದದಲ್ಲಿ ಎರಡು ಚಕ್ರದ ಓಟ, ನೆಲದ ಮೇಲೆ ನಾಲ್ಕರದ್ದು. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಂಜಿನ್ ಬದಲಿಸಬೇಕೆಂದರೆ ಮೊದಲು ಅನುಮತಿ ಬೇಕು. ಹಾಗಾಗಿ ಎಂಜಿನ್ ನಂಬರ್ ಆರ್‌ಸಿಯೊಂದಿಗೆ ಹೊಂದುತ್ತದೆಯೇ ಎಂದು ಕೊಳ್ಳುವವರು ಟಾರ್ಚ್ ಹಾಕಿ ನೋಡಬೇಕು. ನೋಡುವುದು ಬಣ್ಣವನ್ನು. ಮಿಲಿಟರಿ ಹಸಿರು ಇದ್ದರೆ ಪರಮಾನಂದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗಷ್ಟೇ ಮೀಸಲು. ಆದ್ದರಿಂದ ನಮ್ಮಲ್ಲಿ ಜೀಪುಗಳು ಐದು ವರ್ಷಕ್ಕೊಮ್ಮೆ ಒಂದು ವಾರದ ಮಟ್ಟಿಗೆ ನೀಲಿಯಾಗಿ, ಕಾಗದ ಕೈಗೆ ಬಂದೊಡನೆ ಮತ್ತೆ ಸೈನ್ಯಕ್ಕೆ ಸೇರುತ್ತವೆ.

ನನ್ನದೊಂದು ಸಲಹೆ ಇದೆ. ಶುಲ್ಕವನ್ನು ವಯಸ್ಸಿಗೆ ಹಾಕುವ ಬದಲು ವೆಲ್ಡಿಂಗ್ ತೇಪೆಗೆ ಇಷ್ಟು ಎಂದು ಹಾಕಲಿ. ಖಜಾನೆ ತುಂಬುತ್ತದೆ. ತೇಪೆ ಎಣಿಸುವ ನೆಪದಲ್ಲಾದರೂ ಯಾರೋ ಒಬ್ಬರು ಬೆನ್ನು ನೆಲಕ್ಕೆ ಹಚ್ಚಿ ಅಡಿ ನೋಡಿಯಾರು. ಊರಿನ ಹಳೇ ಮೆಕ್ಯಾನಿಕ್ಕಿಗೆ ಐನೂರೋ ಸಾವಿರವೋ ಕೊಟ್ಟು ಕರೆತಂದರೂ ಇದೇ ಕೆಲಸ ಆಗುತ್ತದೆ. ಬ್ರೋಕರ್ ತಾನೇ ಕರೆತಂದ ಮೆಕ್ಯಾನಿಕ್ ಆಗಿರಬಾರದು ಅಷ್ಟೇ.

ನಮ್ಮ ತಂಡಕ್ಕೆ ಅದಕ್ಕೆಲ್ಲ ಪುರುಸೊತ್ತಿಲ್ಲ, ಸಂಜೆಯೊಳಗೆ ರಾಜಾಸೀಟು ಮುಟ್ಟಬೇಕು. ಕೊನೆಗೆ ಚೌಕಾಸಿ. ಪರಿಣತರು ಒಳಗೆ ಕೂತು ಎಲ್ಲ ಗುಂಡಿ ಒತ್ತಿ ಒಂದು ಭಾರೀ ದೋಷ ಹಿಡಿದೇಬಿಟ್ಟರು: ಸ್ಟೀರಿಯೋದ ಎಡಗಡೆ ಸ್ಪೀಕರ್ ಹಾಡುತ್ತಿಲ್ಲ. ಅರ್ಧ ಗಂಟೆ ವಾದ ನಡೆಯಿತು. ಬ್ರೋಕರ್ ಬಹಳ ನೊಂದುಕೊಂಡು ಎರಡು ಸಾವಿರ ಬಿಟ್ಟ.