ಗೋಪುರಕ್ಕೂ ಒಂದು ಜಗಲಿ ಬೇಕು

ಕಳೆದ ಶನಿವಾರ ಬೇಲಿ ತೆಗೆದರು. ಮೂರೂವರೆ ವರ್ಷದಿಂದ ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಬೆಳೆಯುತ್ತಿದ್ದ ಆಫೀಸ್ ಟವರ್ ಸುತ್ತಲಿನ ಪ್ಲೈವುಡ್ ಬೇಲಿ. ಬೆಳಿಗ್ಗೆ ಕಾಫಿ ಕುಡಿದವಳೇ ಚಪ್ಪಲಿ ಮೆಟ್ಟಿಕೊಂಡು ಹೋದೆ. ಹಬ್ಬದ ದಿನ ಗರ್ಭಗುಡಿಯ ಪರದೆ ಸರಿಯುವುದನ್ನು ಕಾಯುವವರ ಹಾಗಿತ್ತು ನನ್ನ ಮನಸ್ಸು. ನೋಡಿ ಬಂದ ಮೇಲೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಟ್ಟಡ ಯಾರದ್ದು ಎಂದು ಕಮೆಂಟಿನಲ್ಲಿ ಕೇಳಬೇಡಿ. ನಾನು ಹೇಳಹೊರಟಿರುವುದು ಆ ಒಂದು ಕಟ್ಟಡದ ಮಾತಲ್ಲ.

ಊರಿನವರಿಗಾಗಿ ಮೊದಲು ಜಾಗ ಹೇಳಿಬಿಡುತ್ತೇನೆ. ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ. ಸಿಯಾಟಲ್ ಪೇಟೆಗೂ ನಮಗೂ ನಡುವೆ ಲೇಕ್ ವಾಷಿಂಗ್ಟನ್ ಎನ್ನುವ ಸರೋವರ. 1953ರವರೆಗೆ ಇದು ನಗರ ಎನಿಸಿಕೊಂಡೇ ಇರಲಿಲ್ಲ. ಅದಕ್ಕೂ ಮುಂಚೆ ಇಲ್ಲಿದ್ದದ್ದು ಸ್ಟ್ರಾಬೆರಿ ಹೊಲಗಳು. ಕಾಡಿನ ಬೊಡ್ಡೆ ಕಿತ್ತು ಆ ನೆಲ ಹದ ಮಾಡಿದವರಲ್ಲಿ ಬಹಳ ಜನ ಜಪಾನಿನಿಂದ ಬಂದ ರೈತರು. ವರ್ಷಾವರ್ಷ ಸ್ಟ್ರಾಬೆರಿ ಜಾತ್ರೆ ನಡೆಯುತ್ತಿತ್ತು. 1942ರಲ್ಲಿ, ಯುದ್ಧದ ಹೆಸರಿನಲ್ಲಿ, ಆ ರೈತ ಕುಟುಂಬಗಳನ್ನು ಸರ್ಕಾರ ಶಿಬಿರಗಳಿಗೆ ಸಾಗಿಸಿತು. ಜಾತ್ರೆ ನಿಂತೇಹೋಯಿತು. 1946ರಲ್ಲಿ ಬೆಲ್‌ವ್ಯೂ ಸ್ಕ್ವೇರ್ ಎನ್ನುವ ಅಂಗಡಿ ಸಾಲು ಬಂತು, ಅದರ ಮುಂದೆ ಕಾರು ನಿಲ್ಲಿಸಲು ಬಯಲು ಬಂತು. ಈಗ ಡೌನ್‌ಟೌನ್ ಎಂದು ಕರೆಯುತ್ತೇವಲ್ಲ, ಅದು ಬೆಳೆದದ್ದು ಕಾರಿನ ಅಳತೆಗೆ. ಒಂದೊಂದು ಬ್ಲಾಕ್ ಸುಮಾರು 600 ಅಡಿ ಉದ್ದ. ಪಕ್ಕದ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಅದು 200 ಅಡಿ. ಅಲ್ಲಿ ಮೂರು ಮೂಲೆ ದಾಟುವಷ್ಟು ಹೊತ್ತು ಇಲ್ಲಿ ನಾವು ಒಂದೇ ಗೋಡೆಯ ಪಕ್ಕ ನಡೆಯುತ್ತಿರುತ್ತೇವೆ.

1980ರ ದಶಕದಲ್ಲಿ ನಗರದವರು ಒಂದು ತೀರ್ಮಾನಕ್ಕೆ ಬಂದರು: ಎತ್ತರದ ಕಟ್ಟಡಗಳೆಲ್ಲ ಈ ಡೌನ್‌ಟೌನ್‌ನಲ್ಲಿ ಮಾತ್ರ, ನಡುವೆ ಎತ್ತರ, ಅಂಚಿಗೆ ಬರುತ್ತಾ ತಗ್ಗು. ನಮ್ಮ ಕಡೆ ಹುಲ್ಲಿನ ಮೆದೆ ಒಟ್ಟುತ್ತಾರಲ್ಲ, ಆ ಆಕಾರ. 2017ರಲ್ಲಿ ಮಧ್ಯಭಾಗದ ಮಿತಿಯನ್ನು 450 ಅಡಿಯಿಂದ 600 ಅಡಿಗೆ ಏರಿಸಿದರು. ಅಲ್ಲಿಂದ ಶುರುವಾಯಿತು ಕ್ರೇನುಗಳ ಕಾಲ.

ನನಗೆ ಈ ಕಟ್ಟಡದ ಹುಚ್ಚು ಹಿಡಿಸಿದವರು ಅಪ್ಪ. ಚನ್ನರಾಯಪಟ್ಟಣದ ಸುತ್ತ ಮೂವತ್ತೈದು ವರ್ಷ ಗಾರೆ ಕೆಲಸ ಮಾಡಿದವರು, ಆಮೇಲೆ ಮೇಸ್ತ್ರಿ ಆದವರು. ಅವರು ಆರು ತಿಂಗಳಿಗೆಂದು ಇಲ್ಲಿಗೆ ಬಂದಾಗ ಅಲ್ಲಿದ್ದದ್ದು ದೊಡ್ಡ ಗುಂಡಿ. ಅಮ್ಮ ಟಿವಿ ಮುಂದೆ ಕೂತರೆ ಅಪ್ಪ ಸ್ವೆಟರ್, ಮಫ್ಲರ್ ಏರಿಸಿಕೊಂಡು ಬೇಲಿಯ ಜಾಲರಿ ಕಿಂಡಿಯ ಮುಂದೆ ನಿಲ್ಲುತ್ತಿದ್ದರು. ಮಧ್ಯಾಹ್ನ ಊಟಕ್ಕೆ ನಾನೇ ಹೋಗಿ ಕರೆದು ತರಬೇಕಿತ್ತು.

"ಬಾರವ್ವ ಇಲ್ಲಿ, ನೋಡು. ಇಷ್ಟು ಆಳ ಅಗೆದವ್ರೆ, ಪಕ್ಕದ ರೋಡು ಕುಸೀದೆ ಹೆಂಗೆ ನಿಂತದೆ?" ಎಂದು ಕೇಳಿದರು. ನಾನು ಸಾಫ್ಟ್‌ವೇರಿನವಳು, ನನಗೇನು ಗೊತ್ತು? ಅವರ ಸಲುವಾಗಿಯೇ ಓದಿ ತಿಳಿದುಕೊಂಡೆ. ಒಂದೇ ಸಲ ತಳದವರೆಗೆ ಅಗೆಯುವುದಿಲ್ಲ. ನಾಲ್ಕೈದು ಅಡಿ ಅಗೆದು, ಮಣ್ಣಿನ ಗೋಡೆಯೊಳಕ್ಕೆ ಉದ್ದುದ್ದ ಉಕ್ಕಿನ ಸರಳು ಓರೆಯಾಗಿ ತೂರಿಸಿ, ಸುತ್ತ ಸಿಮೆಂಟು ತುಂಬಿ, ಮೇಲೆ ಜಾಲರಿ ಹಾಕಿ ಕಾಂಕ್ರೀಟು ಎರಚಿ ಗಟ್ಟಿ ಮಾಡುತ್ತಾರೆ. ಆಮೇಲೆ ಇನ್ನೊಂದು ನಾಲ್ಕೈದು ಅಡಿ. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಕಟ್ಟಿಕೊಂಡು ಹೋಗುವುದು! ಅಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. "ಬಾವಿ ತೋಡೋರು ಹಿಂಗೇ ಕಣವ್ವ, ಅಷ್ಟಷ್ಟೇ ತೋಡಿ ಅಷ್ಟಷ್ಟೇ ಭದ್ರ ಮಾಡ್ಕತಿದ್ರು" ಅಂದರು. ಇಲ್ಲಿನ ಮಣ್ಣೂ ಸಹಕರಿಸುತ್ತದೆ. ಹಿಮಯುಗದಲ್ಲಿ ಸಾವಿರಾರು ಅಡಿ ದಪ್ಪದ ಹಿಮಗಡ್ಡೆ ಮೇಲೆ ಕೂತು ಒತ್ತಿದ ನೆಲ ಇದು, ಬಹಳ ಕಡೆ ಕಲ್ಲಿನಷ್ಟು ಗಟ್ಟಿ.

ಆಮೇಲೆ ಲಿಫ್ಟು, ಮೆಟ್ಟಿಲುಗಳನ್ನು ಸುತ್ತುವರಿಯುವ ನಡುಗೋಡೆ ಎದ್ದಿತು. ಅದರ ಕಂಬಿ ನೋಡಿ ಅಪ್ಪ ಗಾಬರಿಯಾದರು. ಕೈ ತೂರದಷ್ಟು ಒತ್ತೊತ್ತಾಗಿ ಕಟ್ಟಿದ್ದರು. "ಇದ್ರೊಳಗೆ ಜಲ್ಲಿ ಇಳೀತದಾ?" ಎನ್ನುವುದು ಅವರ ಚಿಂತೆ. ಭೂಕಂಪದ ಸೀಮೆ ಅಪ್ಪಾ ಇದು, ಅಂದೆ. 2001ರ ಫೆಬ್ರವರಿ 28ರಂದು 6.8 ತೀವ್ರತೆಯ ಭೂಕಂಪ ಈ ಪ್ರದೇಶವನ್ನೆಲ್ಲ ಅಲ್ಲಾಡಿಸಿತ್ತು. ಸಿಯಾಟಲ್ ಫಾಲ್ಟ್ ಎನ್ನುವ ಬಿರುಕು ನಮ್ಮ ಬೆಲ್‌ವ್ಯೂವರೆಗೂ ಚಾಚಿಕೊಂಡಿದೆ. ನೆಲ ತೂಗಿದಾಗ ಇಡೀ ಟವರನ್ನು ಹಿಡಿದು ನಿಲ್ಲಿಸಬೇಕಾದದ್ದು ಆ ನಡುಗೋಡೆ. ಅಪ್ಪ ಒಪ್ಪಿದರು. ಕ್ಯೂರಿಂಗ್ ವಿಷಯ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ನಮ್ಮಲ್ಲಿ ಮೋಲ್ಡ್ ಹಾಕಿದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ದಿನಾ ನೋಡಿಕೊಳ್ಳುತ್ತಾರಲ್ಲ. ಇಲ್ಲಿ ನೀರು ಆರದಂತೆ ಮೇಲೆ ದ್ರಾವಣ ಹೊಡೆದು ಮುಂದಿನ ಮಹಡಿಗೆ ಹೋಗುವುದನ್ನು ನೋಡಿ ಅವರ ಹೊಟ್ಟೆಯೊಳಗೆ ಸಂಕಟ.

ಒಂದು ದಿನ ಒಳಗಿನ ಫೋರ್‌ಮನ್ ಒಬ್ಬರು ಕಿಂಡಿಯ ಹತ್ತಿರ ಬಂದರು. ದಿನಾ ಬರುವ ಈ ಮುದುಕ ಯಾರು ಎಂದು ಅವರಿಗೂ ಕುತೂಹಲ ಇತ್ತೇನೋ. ಅಪ್ಪನಿಗೆ ಇಂಗ್ಲಿಷ್ ಬಾರದು. ಎರಡು ಬೆರಳಲ್ಲಿ ದಾರ ಹಿಡಿದು ಗುಂಡು ತೂಗಿಬಿಟ್ಟ ಹಾಗೆ ತೋರಿಸಿ, ಗೋಡೆಯ ಕಡೆ ಕೈ ಮಾಡಿದರು. ಆ ಮನುಷ್ಯ ತಕ್ಷಣ ಅರ್ಥ ಮಾಡಿಕೊಂಡು ಸೊಂಟದ ಚೀಲದಿಂದ ಹಿತ್ತಾಳೆಯ ತೂಗುಗುಂಡು ತೆಗೆದು ತೋರಿಸಿದರು. ಈಗ ಅಳತೆಯೆಲ್ಲ ಲೇಸರಿನಲ್ಲಿ. ಆದರೂ ಅವರ ಚೀಲದಲ್ಲಿ ಅದು ಇತ್ತು. ಅವತ್ತು ಅಪ್ಪ ಎರಡು ಮುದ್ದೆ ಉಂಡರು.

ಅದೇ ವಾರ ನಾನು ಅವರಿಗೆ 2006ರ ನವೆಂಬರ್ ಕಥೆ ಹೇಳಿದೆ. ಇದೇ ಡೌನ್‌ಟೌನ್‌ನಲ್ಲಿ, ಕಟ್ಟುತ್ತಿದ್ದ ಕಚೇರಿ ಕಟ್ಟಡವೊಂದರ ಟವರ್ ಕ್ರೇನ್ ಬುಡಸಮೇತ ಉರುಳಿತು. ಪಕ್ಕದ ಅಪಾರ್ಟ್‌ಮೆಂಟಿನ ಮೇಲೆ ಬಿದ್ದು, ತನ್ನ ಮನೆಯೊಳಗೆ ತನ್ನ ಪಾಡಿಗಿದ್ದ ಒಬ್ಬ ಯುವಕ ತೀರಿಕೊಂಡ. ಕ್ರೇನಿಗೆ ಎಂದಿನ ಕಾಂಕ್ರೀಟ್ ಪಾಯದ ಬದಲು ಉಕ್ಕಿನ ತೊಲೆಗಳ ಆಧಾರ ಕೊಟ್ಟಿದ್ದರು, ಅದರ ವಿನ್ಯಾಸ ಆ ಭಾರಕ್ಕೆ ಸಾಲದಾಗಿತ್ತು. ಮರುವರ್ಷ ವಾಷಿಂಗ್ಟನ್ ರಾಜ್ಯ ಕ್ರೇನ್ ತಪಾಸಣೆಗೂ ಆಪರೇಟರ್‌ಗಳ ಅರ್ಹತೆಗೂ ಕಾನೂನು ತಂದಿತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನು ಹುಟ್ಟುವ ಮೊದಲು ಸಾರ್ವೆ ಮುರಿದು ಬಿದ್ದುಹೋದ ತಮ್ಮ ಜೊತೆಗಾರನ ವಿಷಯ ಹೇಳಿದರು. ನಲವತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಆ ಹೆಸರು ಕೇಳಿದ್ದು.

ಅಪ್ಪ ಊರಿಗೆ ಹೋದ ಮೇಲೆ ಭಾನುವಾರಕ್ಕೊಂದು ವಿಡಿಯೋ ಕಳಿಸುವುದು ನನ್ನ ಕೆಲಸವಾಯಿತು. ನಡುಗೋಡೆ ಮುಂದೆ ಮುಂದೆ, ಉಕ್ಕಿನ ಕಂಬ ತೊಲೆಗಳು ಅದರ ಹಿಂದೆ. ಕೊನೆಯ ತೊಲೆಯನ್ನು ಏರಿಸಿದ ದಿನ ಅದರ ಮೇಲೊಂದು ಪುಟ್ಟ ಮರ ಕಟ್ಟಿದ್ದರು. ಇಲ್ಲಿನ ಉಕ್ಕು ಜೋಡಿಸುವವರ ಸಂಪ್ರದಾಯ ಅದು. "ನಾವು ಮಾವಿನಸೊಪ್ಪು ಕಟ್ತೀವಲ್ಲ, ಅದೇಯ" ಎಂದು ಅಪ್ಪ ವಾಯ್ಸ್ ಮೆಸೇಜ್ ಕಳಿಸಿದರು. ಗಾಜು ಕೂರಿಸಿದ ತಿಂಗಳುಗಳಲ್ಲಿ ಹೇಳುವಂಥದ್ದೇನೂ ಇರಲಿಲ್ಲ.

ಈಗ ಶನಿವಾರಕ್ಕೆ ಬರುತ್ತೇನೆ.

ಬೇಲಿ ತೆಗೆದ ಜಾಗದಲ್ಲಿ ಹೊಳೆಯುವ ಕಲ್ಲಿನ ಅಂಗಳ. ಮೂಲೆಯಲ್ಲಿ ಮೂರು ಎಳೆಯ ಮರ. ಗಿಡದ ತೊಟ್ಟಿಯ ಕಟ್ಟೆ ಇದೆ, ಅದರ ಮೇಲೆ ಗೇಣಿಗೊಂದರಂತೆ ಉಕ್ಕಿನ ಗುಬುಟು. ಸ್ಕೇಟ್‌ಬೋರ್ಡ್ ಹುಡುಗರು ಬರಬಾರದು ಎಂದಂತೆ. ಅದರ ಮೇಲೆ ಯಾರೂ ಕೂರಲಾಗದು. ನಾನು ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಎರಡು ನಿಮಿಷಕ್ಕೆ ಸೆಕ್ಯುರಿಟಿಯವರು ಬಂದು, ಬಹಳ ಮರ್ಯಾದೆಯಿಂದಲೇ, ಇಲ್ಲಿ ಕೂರುವ ಹಾಗಿಲ್ಲ ಅಂದರು. ಅವರ ತಪ್ಪಿಲ್ಲ, ಅವರಿಗೆ ಹೇಳಿದ್ದನ್ನು ಅವರು ಮಾಡಿದರು. ಎದ್ದು ನಿಂತೆ. ಫೋನಿನಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಯಾಕವ್ವ, ಅಷ್ಟು ದೊಡ್ಡ ಮನೇಗೆ ಒಂದು ಜಗಲಿ ಮಡಗಿಲ್ವಾ?"

ಅಪ್ಪ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಬ್ಬ ಯಜಮಾನರು ಜಗಲಿ ಬೇಡ, ಆ ಜಾಗವನ್ನು ರೂಮಿಗೆ ಸೇರಿಸು ಎಂದಿದ್ದರಂತೆ. ಜಗಲಿ ಇಲ್ಲದ ಮನೆಗೆ ನಾನು ಪಾಯ ತೆಗೆಯಲ್ಲ ಎಂದು ಅಪ್ಪ ಸಲಕರಣೆ ಎತ್ತಿಕೊಂಡು ಬಂದಿದ್ದರಂತೆ. ಇದನ್ನು ಅಮ್ಮ ನನಗೆ ಬೈಗುಳದ ಧಾಟಿಯಲ್ಲೇ ಹೇಳಿದ್ದು, ಆ ತಿಂಗಳು ಮನೆಯಲ್ಲಿ ದುಡ್ಡಿಗೆ ಕಷ್ಟವಾಗಿತ್ತು. ಜಗಲಿ ಎಂದರೆ ಮನೆಯವರ ಜಾಗವೂ ಹೌದು, ಬೀದಿಯ ಜಾಗವೂ ಹೌದು. ಬಿಸಿಲಿಗೆ ಬಂದವನು ಯಾರ ಅಪ್ಪಣೆಯನ್ನೂ ಕೇಳದೆ ಕೂರುತ್ತಾನೆ. ಆದರೆ ಯಾರು ಬೇಕಾದರೂ ಕೂರಬಹುದಿತ್ತು ಎಂದು ನಾನು ಸುಳ್ಳು ಹೇಳಲಾರೆ. ಜಾತಿ ನೋಡಿ ಎಬ್ಬಿಸುತ್ತಿದ್ದ ಜಗಲಿಗಳೂ ನಮ್ಮೂರಲ್ಲಿದ್ದವು. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ: ಕಟ್ಟುವವನು ಬೀದಿಗೆ ಅಷ್ಟು ಜಾಗ ಬಿಡಬೇಕು, ಅಲ್ಲಿಂದ ಯಾರನ್ನೂ ಎಬ್ಬಿಸಬಾರದು.

ನನ್ನ ವಾದ ಇಷ್ಟೇ. ಕಚೇರಿ ಟವರಿನ ಮೇಲಿನ ಮಹಡಿಗಳ ಗತಿ ಯಾರ ಕೈಯಲ್ಲೂ ಇಲ್ಲ. 2020ರಲ್ಲಿ ಬೆಲ್‌ವ್ಯೂಗೆ 25,000 ಉದ್ಯೋಗ ತರುತ್ತೇವೆ ಎಂದಿತು ಅಮೆಜಾನ್. 2022ರ ಜುಲೈನಲ್ಲಿ, ಜನ ಮನೆಯಿಂದಲೇ ಕೆಲಸ ಮಾಡುತ್ತಿರುವಾಗ ಕಚೇರಿ ಹೇಗಿರಬೇಕು ಎಂದು ಮರುಯೋಚಿಸಲು ಇಲ್ಲಿನ ಹಲವು ಕಟ್ಟಡಗಳ ಕೆಲಸವನ್ನು ತಡೆಹಿಡಿಯಿತು. 2025ರ ಜನವರಿಯಿಂದ ವಾರಕ್ಕೆ ಐದು ದಿನ ಆಫೀಸಿಗೆ ಬನ್ನಿ ಎಂದಿತು. ನಾಲ್ಕು ವರ್ಷದಲ್ಲಿ ಮೂರು ದಿಕ್ಕು. ಮೇಲೆ ಯಾರಿರುತ್ತಾರೆ, ಎಷ್ಟು ದಿನ ಇರುತ್ತಾರೆ ಎನ್ನುವುದು ಒಂದು ಇಮೇಲಿನ ಮೇಲೆ ನಿಂತಿದೆ. ಆ ಇಮೇಲ್ ಬಂದರೆ ಏನಾಗುತ್ತದೆ ಎಂದು ವೀಸಾದ ಮೇಲಿರುವ ನಮ್ಮ ಹುಡುಗರನ್ನು ಕೇಳಿ. ಆದರೆ ಕೆಳಗಿನ ಹದಿನೈದು ಅಡಿ ಊರಿಗೆ ಸೇರಿದ್ದು. ಮೇಲೆ ದೀಪ ಆರಿದರೂ ಅದರ ಮುಂದೆ ಮಕ್ಕಳು ಶಾಲೆಗೆ ಹೋಗುತ್ತಾರೆ, ಮುದುಕರು ವಾಕಿಂಗ್ ಬರುತ್ತಾರೆ. 2008ರಲ್ಲಿ ಜನ ಮತ ಹಾಕಿ ಒಪ್ಪಿದ ರೈಲು 2024ರ ಏಪ್ರಿಲ್ 27ರಂದು ಕೊನೆಗೂ ನಮ್ಮ ಡೌನ್‌ಟೌನ್‌ಗೆ ಬಂತು. ಅದಕ್ಕಾಗಿ ಹದಿನಾರು ವರ್ಷ ಕಾದೆವು. ರೈಲಿಳಿದು ನಡೆದು ಬರುವವರಿಗೆ 600 ಅಡಿ ಗಾಜಿನ ಗೋಡೆ, ಗುಬುಟು ಹೊಡೆದ ಕಟ್ಟೆ ಎದುರಾದರೆ ಆ ರೈಲಿನಿಂದ ಬಂದ ಸುಖವೇನು? ವೈಟ್‌ಫೀಲ್ಡ್‌ನಲ್ಲಿ ಆರು ವರ್ಷ ಕೆಲಸ ಮಾಡಿದವಳು ನಾನು. ಅಲ್ಲೂ ಮೊದಲು ಗಾಜಿನ ಕಟ್ಟಡ, ಮೆಟ್ರೋ ಬಂದದ್ದು 2023ರಲ್ಲಿ, ಫುಟ್‌ಪಾತ್ ಎಷ್ಟೋ ಕಡೆ ಇನ್ನೂ ಬಂದಿಲ್ಲ.

ನಗರದ ನಿಯಮದಲ್ಲಿ ದಾರಿ ಇಲ್ಲದಿಲ್ಲ. ಸಾರ್ವಜನಿಕ ಬಯಲು, ಬ್ಲಾಕಿನ ನಡುವೆ ಕಾಲುದಾರಿ ಇಂಥವನ್ನು ಕೊಟ್ಟರೆ ಹೆಚ್ಚುವರಿ ಕಟ್ಟಲು ಅವಕಾಶ ಕೊಡುತ್ತಾರೆ. ಊರು ತನ್ನ ಆಕಾಶ ಕೊಟ್ಟು ನೆಲದ ಮೇಲೆ ಒಂದಿಷ್ಟು ಜಾಗ ಪಡೆಯುವ ವ್ಯವಹಾರ ಅದು. ಹಾಗಿರುವಾಗ ಆ ಜಾಗದಲ್ಲಿ ಕೂರಲು ಬರುತ್ತದೋ ಇಲ್ಲವೋ ಎನ್ನುವುದನ್ನೂ ಪರೀಕ್ಷಿಸಬೇಕು. ಕಾಗದದ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದರೆ ಸಾಲದು.

ನಮ್ಮ ಮನೆಯಿಂದ ಮೂರು ಬ್ಲಾಕ್ ದೂರದಲ್ಲಿ ಇನ್ನೊಂದು ಟವರಿಗೆ ಅರ್ಜಿ ಹಾಕಿರುವ ಬೋರ್ಡು ನಿಂತಿದೆ. ಈ ಸುತ್ತಲಲ್ಲಿರುವ ಕನ್ನಡದವರು ವಾಕಿಂಗ್ ಹೋದಾಗ ನಿಂತು ಓದಿ. ಅದರಲ್ಲಿರುವ ವಿಳಾಸಕ್ಕೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು, ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ. ನಿನ್ನೆ ರಾತ್ರಿ ನಾನು ಬರೆದು ಕಳಿಸಿದೆ. ಬೀದಿಯ ಬದಿಗೆ, ನೆರಳಿರುವ ಕಡೆ, ಉದ್ದಕ್ಕೂ ಕೂರುವ ಕಟ್ಟೆ ಬೇಕು, ಅದರ ಮೇಲೆ ಗುಬುಟು ಹೊಡೆಯಬಾರದು ಎಂದು ಕೇಳಿದ್ದೇನೆ. ಎತ್ತರ ಎಷ್ಟಿರಬೇಕು ಎಂದು ಅಪ್ಪನಿಗೆ ಫೋನ್ ಮಾಡಿ ತಿಳಿದುಕೊಂಡೇ ಹಾಕಿದೆ: ನೆಲದಿಂದ ಒಂದೂವರೆ ಅಡಿ.